ದೇವಿಯ ಕಾವಲಿದ್ದ ಟ್ರ್ಯಾಕ್ಟರು

ನಮ್ಮ ಟ್ರ್ಯಾಕ್ಟರು ಸಾಯುವ ಸದ್ದನ್ನು ನಾನು ಬಾಯಲ್ಲೇ ಮಾಡಬಲ್ಲೆ. ಅದು ಬದುಕಿರುವ ಸದ್ದಿಗಿಂತ ಇದು ಸುಲಭ. ಮೊದಲು ಗಟ್ಟಿಯಾಗಿ ಓಡುತ್ತದೆ, ಆಮೇಲೆ ದನಿ ತೆಳ್ಳಗಾಗುತ್ತ ಬರುತ್ತದೆ, ಒಂದೆರಡು ಸಲ ಬಿಕ್ಕುತ್ತದೆ, ಕೊನೆಗೆ ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟು ಸುಮ್ಮನಾಗುತ್ತದೆ. ಮದುವೆಮನೆಯಲ್ಲಿ ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಬಂದ ಮೇಲೆ ಯಾರಾದರೊಬ್ಬರು, "ಹೋಯ್, ಆ ಟ್ರ್ಯಾಕ್ಟರು ಮಾಡಾ ಮಾರಾಯ" ಅನ್ನುತ್ತಾರೆ. ಮಾಡುತ್ತೇನೆ. ನಗುತ್ತಾರೆ. ನಗುವವರ ಗುಂಪಿನಲ್ಲಿ ಅಪ್ಪಯ್ಯ ಇದ್ದರೆ ಚಿಕ್ಕಪ್ಪ ಇರುವುದಿಲ್ಲ. ಚಿಕ್ಕಪ್ಪ ಇದ್ದರೆ ಅಪ್ಪಯ್ಯ ಊಟಕ್ಕೇ ಬಂದಿರುವುದಿಲ್ಲ.

ಊರಲ್ಲಿ ನಾನು ಯಾರನ್ನೂ ಬಿಟ್ಟವನಲ್ಲ. ಡೇರಿಯಲ್ಲಿ ಹಾಲು ಅಳೆಯುವವನ ಕೆಮ್ಮು, ಹೊಸನಗರದ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಅನ್ನುವಾಗಿನ ವೈರಾಗ್ಯ, ಪಕ್ಕದ ಮನೆಯವರ ನಾಯಿ ಬೇರೆ ಬೇರೆ ನೆಂಟರಿಗೆ ಬೇರೆ ಬೇರೆ ಥರ ಬೊಗಳುವುದು, ಎಲ್ಲ ಬರುತ್ತದೆ. ನನ್ನನ್ನೂ ಬಿಟ್ಟಿಲ್ಲ. ಶಿವಮೊಗ್ಗಕ್ಕೆ ಕೆಲಸದ ಸಂದರ್ಶನಕ್ಕೆ ಹೋದಾಗ ನಾನು ಕುರ್ಚಿಯ ತುದಿಯಲ್ಲಿ ಕೂತು ಪ್ರಶ್ನೆ ಮುಗಿಯುವ ಮೊದಲೇ "ಯೆಸ್ ಸರ್" ಅಂದದ್ದನ್ನು ಮಾಡಿ ತೋರಿಸಿದರೆ ಅಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಆಮೇಲೆ, "ನಿಂದೇ ದನಿ ಯಾವ್ದು ಅಂತ ನಂಗೆ ಮರ್ತೇ ಹೋಗಿದೆ ಕಣಾ" ಅನ್ನುತ್ತಾಳೆ. ಕೆಲಸ ಕೊಡುವವರಿಗೂ ಅದು ಗೊತ್ತಾಗಿರಲಿಕ್ಕಿಲ್ಲ.

ಟ್ರ್ಯಾಕ್ಟರು ಅಜ್ಜ ತಂದದ್ದು. ಗೇಣಿ ಗದ್ದೆ ಸ್ವಂತದ್ದಾಗಿ ಎಷ್ಟೋ ವರ್ಷದ ಮೇಲೆ, ತೀರ್ಥಹಳ್ಳಿಯ ಆಚೆ ಯಾವುದೋ ಎಸ್ಟೇಟಿನವರು ಮೂಲೆಗೆ ತಳ್ಳಿದ್ದ ಹಳೇ ಪೆಟ್ರೋಲ್ ಟ್ರ್ಯಾಕ್ಟರನ್ನು ಅಜ್ಜ ಲಾರಿಯ ಮೇಲೆ ಹೇರಿಸಿಕೊಂಡು ಬಂದನಂತೆ. ಊರಲ್ಲಿ ಇರುವ ಟ್ರ್ಯಾಕ್ಟರು, ಟಿಲ್ಲರು ಎಲ್ಲ ಡೀಸೆಲ್ಲಿನವು. ನಮ್ಮದೊಂದೇ ಪೆಟ್ರೋಲಿನದು. ಸಾಗರದ ಬಂಕಿಗೆ ಹೋದರೆ ಅಲ್ಲಿಯವನು ಈಗಲೂ ಡೀಸೆಲ್ ಪೈಪಿಗೇ ಕೈ ಹಾಕುತ್ತಾನೆ. ಮೂತಿಯ ಬಳಿ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿ ಶುರು ಮಾಡಬೇಕು. ಹೆಬ್ಬೆರಳನ್ನು ತಪ್ಪು ಕಡೆ ಇಟ್ಟರೆ ಹ್ಯಾಂಡಲ್ ತಿರುಗಿ ಹೊಡೆದು ಮಣಿಕಟ್ಟು ಮುರಿಯುತ್ತದೆ. ಅದರ ಸ್ವಭಾವ ಪೂರ್ತಿ ಗೊತ್ತಿದ್ದದ್ದು ಚಿಕ್ಕಪ್ಪನಿಗೆ. ಅಪ್ಪಯ್ಯ ಓಡಿಸುತ್ತಿದ್ದ, ಚಿಕ್ಕಪ್ಪ ಓಡುವ ಹಾಗೆ ಇಡುತ್ತಿದ್ದ. ಹಾಗಿದ್ದ ಕಾಲದಲ್ಲಿ ಯಾರೂ ಅದನ್ನೊಂದು ಏರ್ಪಾಡು ಅಂತ ಕರೆದಿರಲಿಲ್ಲ.

ಹೋದ ಮಳೆಗಾಲಕ್ಕೂ ಹಿಂದಿನ ಮಳೆಗಾಲ ಮುಗಿಯುತ್ತಲೇ ಮನೆ ಪಾಲಾಯಿತು. ನಮ್ಮಲ್ಲಿ ದೊಡ್ಡವನು ಪಾಲು ಮಾಡಬೇಕು, ಸಣ್ಣವನು ಮೊದಲು ಆರಿಸಬೇಕು. ಪಾಲು ಮಾಡುವವನು ಮೋಸ ಮಾಡದಿರಲಿ ಅಂತ ಹಿರಿಯರು ಮಾಡಿಟ್ಟ ಪದ್ಧತಿ. ಅಪ್ಪಯ್ಯ ಹೊಳೆಬದಿಯ ಒಳ್ಳೇ ಗದ್ದೆಯ ಜೊತೆಗೆ ಮುಳ್ಳುಗಂಟಿಯ ಬೋಳುಗುಡ್ಡೆಯನ್ನು ಗಂಟುಹಾಕಿ ಒಂದು ಪಾಲು ಮಾಡಿದ. ಆ ಗುಡ್ಡೆಗೆ ಹೆದರಿ ತಮ್ಮ ಇನ್ನೊಂದನ್ನು ಆರಿಸುತ್ತಾನೆ ಅಂತ ಅವನ ಅಂದಾಜು. ಚಿಕ್ಕಪ್ಪ ಎಲೆ ಅಡಿಕೆ ಜಗಿಯುತ್ತ, "ಗುಡ್ಡೆ ಇದ್ದದ್ದೇ ನಂಗಿರ್ಲಿ ಅಣ್ಣಯ್ಯ" ಅಂದ. ಪಂಚಾಯ್ತಿಕೆಗೆ ಕೂತವರು ತಲೆಯಾಡಿಸಿದರು. ಅಪ್ಪಯ್ಯನಿಗೆ ಬಾಯಿ ತೆರೆಯಲು ಜಾಗವಿರಲಿಲ್ಲ, ಪಾಲು ಮಾಡಿದವನು ಅವನೇ.

ಟ್ರ್ಯಾಕ್ಟರನ್ನು ಕೊಯ್ದು ಹಂಚಲಾಗುವುದಿಲ್ಲವಲ್ಲ. ಅದು ಇಬ್ಬರಿಗೂ ಸೇರಿದ್ದು, ಮಳೆ ನಕ್ಷತ್ರದ ಲೆಕ್ಕದಲ್ಲಿ ಸರದಿ ಅಂತ ತೀರ್ಮಾನವಾಯಿತು: ರೋಹಿಣಿ ಮಳೆ ನಮಗೆ, ಮೃಗಶಿರ ಚಿಕ್ಕಪ್ಪನಿಗೆ, ಆರಿದ್ರಾ ನಮಗೆ, ಹೀಗೆ. ಎರಡು ಅಂಗಳಗಳ ನಡುವಿನ ಶೆಡ್ಡಿನಲ್ಲೇ ಅದು ನಿಂತಿತು. ಆ ವರ್ಷದ ಆಯುಧಪೂಜೆಗೆ ಅಪ್ಪಯ್ಯ ಅದನ್ನು ತೊಳೆದು, ಗಂಧ ತೇದು ಕಲಸಿ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದ. ಚಿಕ್ಕಪ್ಪನನ್ನು ಕರೆಯಲಿಲ್ಲ. ಚಿಕ್ಕಪ್ಪ ತನ್ನ ಅಂಗಳದಲ್ಲಿ ಕತ್ತಿ, ಹಾರೆ, ಕಳೆ ಕೊಚ್ಚುವ ಮಷೀನು ಸಾಲಾಗಿಟ್ಟು ಬೇರೆ ಪೂಜೆ ಮಾಡಿದ. ಎರಡೂ ಮನೆಯ ಗಂಟೆ ಒಟ್ಟಿಗೇ ಮೊಳಗಿತು. ಅದನ್ನೂ ನಾನು ಮಾಡಬಲ್ಲೆ, ಯಾರೂ ಕೇಳುವುದಿಲ್ಲ.

ಮುಂದಿನ ರೋಹಿಣಿ ಮಳೆಗೆ ಅಪ್ಪಯ್ಯ ಟ್ರ್ಯಾಕ್ಟರು ಹೊರಗೆ ತೆಗೆದ. ಶುರುವಾಯಿತು. ಶೆಡ್ಡು ದಾಟಿ, ಅಂಗಳ ದಾಟಿ, ಗದ್ದೆಗೆ ಇಳಿಯುವ ಏರಿಯ ಮೇಲೆ ಹೋಗಿ, ನಾನು ಈಗ ಮದುವೆಮನೆಯಲ್ಲಿ ಮಾಡುವ ಸದ್ದು ಮಾಡಿ ನಿಂತಿತು. ಮತ್ತೆ ಹ್ಯಾಂಡಲ್ ಹೊಡೆದರೆ ಕಮಕ್ ಕಿಮಕ್ ಇಲ್ಲ. ಅಪ್ಪಯ್ಯ ಹೊಡೆದ, ನಾನು ಹೊಡೆದೆ, ಅಪ್ಪಯ್ಯ ನನ್ನನ್ನು ಸರಿಸಿ ಮತ್ತೆ ಹೊಡೆದ.

"ಪ್ಲಗ್ ಬಿಚ್ಚು" ಅಂದ.

ಬಿಚ್ಚಿದೆ. ಒರೆಸಿ, ಮರಳು ಕಾಗದದಲ್ಲಿ ತಿಕ್ಕಿ, ವಯರು ಸಿಕ್ಕಿಸಿ ಎಂಜಿನ್ನಿನ ಮೈಗೆ ತಾಗಿಸಿ ಹಿಡಿದೆ. ಅಪ್ಪಯ್ಯ ಹ್ಯಾಂಡಲ್ ತಿರುಗಿಸಿದ. ಕಿಡಿ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ ಅರ್ಧ ನನ್ನ ಮೊಣಕೈವರೆಗೂ ಬಂತು. ನಾನು ಕುಪ್ಪಳಿಸಿದ್ದನ್ನು ಬೇಲಿಯ ಆಚೆಯಿಂದ ಚಿಕ್ಕಮ್ಮ ನೋಡಿ ನಕ್ಕಳು, ಆಮೇಲೆ ನಗಬಾರದೆಂದು ನೆನಪಾಗಿ ಒಳಗೆ ಹೋದಳು.

"ಕಿಡಿ ಇದೆ. ಪ್ಲಗ್ಗು ಒಣಗಿದೆ" ಅಂದೆ. "ಪೆಟ್ರೋಲು ಬರ್ತಿಲ್ಲ ಅಪ್ಪಯ್ಯ."

"ಟ್ಯಾಂಕ್ ತುಂಬ ಇದೆಯಲಾ" ಅಂತ ಅವನು ಮುಚ್ಚಳ ತಿರುಗಿಸಿ ತೆಗೆದು ಒಳಗೆ ಇಣುಕಿದ, ಮುಚ್ಚಳ ಬಿಗಿ ಮಾಡಿದ, ಹ್ಯಾಂಡಲ್ ಹೊಡೆದ. ಶುರುವಾಯಿತು. ಅಪ್ಪಯ್ಯ ನನ್ನ ಕಡೆ ನೋಡಿದ ರೀತಿಯಲ್ಲಿ ನಾನೇ ಇಷ್ಟು ಹೊತ್ತು ಅದನ್ನು ಹಿಡಿದುಕೊಂಡಿದ್ದೆ ಅನ್ನುವ ಭಾವವಿತ್ತು. ಗದ್ದೆಗೆ ಇಳಿದು ಒಂದು ಸುತ್ತು ಬರುವಷ್ಟರಲ್ಲಿ ಮತ್ತೆ ಅದೇ ಬಿಕ್ಕು, ಅದೇ ಉಸಿರು.

ಹೀಗೇ ನಡೆಯಿತು. ಓಡುತ್ತದೆ, ನಿಲ್ಲುತ್ತದೆ, ಕೂತು ಬೈದರೆ ಶುರುವಾಗುತ್ತದೆ, ನಂಬಿದರೆ ನಿಲ್ಲುತ್ತದೆ. ನೋಡಿ ಹೋದವರೆಲ್ಲ ಒಂದೊಂದು ಮದ್ದು ಹೇಳಿದರು. ಒಬ್ಬರು ಫಿಲ್ಟರು ಅಂದರು. ಇನ್ನೊಬ್ಬರು ಕಾರ್ಬೊರೇಟರು ಅಂದರು. ಮೇಲಿನಕೇರಿಯ ಒಬ್ಬ ಅಜ್ಜ ಬಂದು ಟಯರು ಒದ್ದು ನೋಡಿ, "ಗಾಡಿಗೆ ವಯಸ್ಸಾತು, ನಂಗೂ ಹಿಂಗೇ ಆಗ್ತದೆ, ಏರಿ ಹತ್ತೋಕೆ ಹೋದ್ರೆ" ಅಂದ. ಹೇಳದೆ ಉಳಿದವನು ಚಿಕ್ಕಪ್ಪ ಒಬ್ಬ. ಅವನು ತನ್ನ ಅಂಗಳದಲ್ಲಿ ಕೂತು ಬುಟ್ಟಿಗೆ ಹಗ್ಗ ಕಟ್ಟುತ್ತಿದ್ದ. ಟ್ರ್ಯಾಕ್ಟರು ನಿಂತಾಗ ಅವನ ಕೈಯೂ ಒಂದು ಕ್ಷಣ ನಿಲ್ಲುತ್ತಿತ್ತು. ನಾನದನ್ನು ನೋಡಿದೆ, ಅಮ್ಮನೂ ನೋಡಿದಳು.

ಅಮ್ಮ ಆ ದಿನ ಒಲೆಯ ಮುಂದೆ ನನ್ನ ಹತ್ತಿರ ಗುಟ್ಟಾಗಿ ಹೇಳಿದಳು, "ಅದು ಹಿಂಗೇ ನಿಂತ್ಕಂಡಿರ್ಲಿ. ಎಷ್ಟು ದಿನ ಅಂತ ಹಟ ಮಾಡ್ತಾರೆ ನೋಡಣ. ಕಡೀಗೆ ತಮ್ಮನ್ನ ಕರೀಲೇಬೇಕು." ನನಗೂ ಅದೇ ಆಸೆ. ಅಣ್ಣತಮ್ಮ ಮತ್ತೆ ಒಂದು ಮಾತಾಡಬೇಕಾದರೆ ಅದು ಈ ಕಬ್ಬಿಣದ ಮೂಲಕವೇ ಆಗಬೇಕಿತ್ತು. ಬೇರೆ ಎಲ್ಲವನ್ನೂ ಅವರು ಪಾಲು ಮಾಡಿಕೊಂಡಿದ್ದರು.

ಅಪ್ಪಯ್ಯ ತಮ್ಮನನ್ನು ಕರೆಯಲಿಲ್ಲ. ಸಾಗರದಿಂದ ಮೆಕ್ಯಾನಿಕ್ಕನನ್ನು ಕರೆಸಿದ. ಅವನು ಪೇಟೆಯ ಮನುಷ್ಯ, ಬೈಕಿನ ಡಾಕ್ಟರು. ಟ್ರ್ಯಾಕ್ಟರಿನ ಸುತ್ತ ಪ್ರದಕ್ಷಿಣೆ ಹಾಕಿ, "ಇದು ಇನ್ನೂ ಇದೆಯಾ" ಅಂದ. ಕಾರ್ಬೊರೇಟರು ಬಿಚ್ಚಿ ಊದಿ ಜೋಡಿಸಿದ. ಆಮೇಲೆ ಟ್ಯಾಂಕಿನ ಪೈಪು ತೆಗೆದು, ಒಂದು ಬಾಟಲಿಯಲ್ಲಿ ಪೆಟ್ರೋಲು ಹಾಕಿ ನನ್ನ ಕೈಲಿ ಎತ್ತಿ ಹಿಡಿಸಿದ. ಗ್ಲೂಕೋಸ್ ಹಾಕಿದ ರೋಗಿಯ ಪಕ್ಕ ನಿಂತ ನೆಂಟನ ಹಾಗೆ ನಾನು ನಿಂತೆ. ಟ್ರ್ಯಾಕ್ಟರು ಬಾಟಲಿ ಖಾಲಿಯಾಗುವವರೆಗೂ ಜುಂ ಅಂತ ಓಡಿತು.

"ಎಂಜಿನ್ನು ಸರಿ ಇದೆ" ಅಂದ ಅವನು ಕೈ ಒರೆಸಿಕೊಳ್ಳುತ್ತ. "ತೊಂದ್ರೆ ಟ್ಯಾಂಕಿಂದು. ಪೆಟ್ರೋಲಿಗೆ ಯಾರಾದ್ರೂ ಎಂತಾದ್ರೂ ಹಾಕಿದಾರೇನೋ ನೋಡಿ. ಸಕ್ಕರೆ, ನೀರು. ಹಳ್ಳೀಲಿ ಇದೆಲ್ಲ ಇರ್ತದಲ್ಲ."

ಅವನು ಚಹಾ ಕುಡಿದು ಬೈಕು ಹತ್ತಿ ಹೋದ. ಆ ಮಾತು ಹೋಗಲಿಲ್ಲ. ಅಪ್ಪಯ್ಯ ಜಗಲಿಯ ಮೇಲೆ ಕೂತು ಬಹಳ ಹೊತ್ತು ಶೆಡ್ಡನ್ನೇ ನೋಡುತ್ತಿದ್ದ. ಕಡೆಗೆ ಹೇಳಿದ, "ಶಿವರಾತ್ರಿ ಹೊತ್ತಿಗೆ ಅವ ಶೆಡ್ಡಿಂದ ಹೊರಗೆ ಬರ್ತಾ ಇದ್ದ. ಕೈಲಿ ಕ್ಯಾನ್ ಇತ್ತು."

"ಕಳೆ ಮಷೀನಿಗೆ ಒಂಚೂರು ಪೆಟ್ರೋಲ್ ತಗಂಡಿರ್ತಾನೆ" ಅಂದಳು ಅಮ್ಮ. "ಯಾವತ್ತೂ ತಗಳ್ತಿದ್ದ."

"ತಗಳೋಕೆ ಹೋದವನೋ, ಹಾಕೋಕೆ ಹೋದವನೋ, ನೀ ನೋಡಿದ್ಯಾ?"

ನಾನು ಹಳೇ ಪೆಟ್ರೋಲನ್ನೆಲ್ಲ ಬಸಿದು ಬಟ್ಟೆಯಲ್ಲಿ ಸೋಸಿದೆ. ಸಕ್ಕರೆ ಇರಲಿಲ್ಲ, ನೀರಿರಲಿಲ್ಲ. ಒಂದು ಸತ್ತ ಜೇಡ ಇತ್ತು, ಅದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಹೊಸ ಪೆಟ್ರೋಲು ತುಂಬಿದೆವು. ಅಪ್ಪಯ್ಯ ಮುಚ್ಚಳವನ್ನು ಮೊದಲಿಗಿಂತ ಬಿಗಿಯಾಗಿ ತಿರುಗಿಸಿದ. ಟ್ರ್ಯಾಕ್ಟರು ಗದ್ದೆಯ ನಡುವೆ ಹೋಗಿ ನಿಂತಿತು.

ಮರುದಿನ ಬೆಳಿಗ್ಗೆ ಅಪ್ಪಯ್ಯ ಬಿಳಿ ಅಂಗಿ ಹಾಕಿಕೊಂಡು ಹೊಳೆಯಾಚೆಯ ದೇವಸ್ಥಾನಕ್ಕೆ ಹೊರಟ. ಆಗ ಇನ್ನೂ ಹೊಳೆಗೆ ಕಟ್ಟಿದ ಹೊಸ ಸೇತುವೆಯನ್ನು ಓಡಾಟಕ್ಕೆ ಬಿಟ್ಟಿರಲಿಲ್ಲ. ಲಾಂಚು ಹತ್ತಿ ತುಮರಿ ಕಡೆ ದಾಟಿ ಹೋಗಬೇಕು. ಹೊಳೆಯಾಚೆಯ ದೇವಿಯ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ತಕರಾರಿನ ಜಾಗಕ್ಕೆ, ಕಳ್ಳತನವಾಗುವ ತೋಟಕ್ಕೆ ಅಲ್ಲಿಗೆ ಹೋಗಿ ಹರಕೆ ಹೇಳಿಕೊಂಡು ಒಂದು ತಗಡಿನ ಬೋರ್ಡು ತಂದು ಹೊಡೆಯುತ್ತಾರೆ: ಇಲ್ಲಿ ದೇವಿಯ ಕಾವಲಿದೆ. ಅದನ್ನು ನೋಡಿದ ಮೇಲೆ ಮುಟ್ಟುವ ಧೈರ್ಯ ಬೇರೆ ಯಾರಿಗೂ ಇರುವುದಿಲ್ಲ, ಹಲಸಿನಹಣ್ಣು ಕದಿಯುವ ಹುಡುಗರಿಗೂ. ತೆಗೆಯಬೇಕಾದರೆ ತಕರಾರಿನ ಇಬ್ಬರೂ ಕೂಡಿಯೇ ಹೋಗಿ ತಪ್ಪುಕಾಣಿಕೆ ಹಾಕಿ ಬರಬೇಕು.

ಅಪ್ಪಯ್ಯ ಬೋರ್ಡನ್ನು ಪಂಚೆಯಲ್ಲಿ ಸುತ್ತಿಕೊಂಡು ಬಂದ. ಶೆಡ್ಡಿನ ಕಂಬಕ್ಕೆ, ಚಿಕ್ಕಪ್ಪನ ಅಂಗಳಕ್ಕೆ ಕಾಣುವ ಹಾಗೆ ಮೊಳೆ ಹೊಡೆದ. ಸುತ್ತಿಗೆಯ ಸದ್ದಿಗೆ ಚಿಕ್ಕಪ್ಪ ಹೊರಗೆ ಬಂದು ಓದಿದ. ಓದಲು ಬಾರದವನ ಹಾಗೆ ಬಹಳ ಹೊತ್ತು ಓದಿದ. ಆಮೇಲೆ ಕೈ ಮುಗಿದ. ದೇವಿಗೆ ಮುಗಿದದ್ದು. ಒಳಗೆ ಹೋದ.

"ಟ್ರ್ಯಾಕ್ಟರಿಗಾ?" ಅಂದಳು ಅಮ್ಮ. "ಒಂದು ಓಡದ ಟ್ರ್ಯಾಕ್ಟರಿಗೆ ದೇವಿ ಕಾವ್ಲಾ?"

ಅಪ್ಪಯ್ಯ ಸುತ್ತಿಗೆ ಒಳಗಿಟ್ಟ. ಮೃಗಶಿರ ಮಳೆ ಬಂತು. ಅದು ಚಿಕ್ಕಪ್ಪನ ಸರದಿ. ಅವನು ಶೆಡ್ಡಿನ ಕಡೆ ಬರಲಿಲ್ಲ. ಕೆಳದಿ ಕಡೆಯಿಂದ ಒಂದು ಟಿಲ್ಲರು ಬಾಡಿಗೆಗೆ ತರಿಸಿ ಹೂಡಿದ. ಅಜ್ಜನ ಟ್ರ್ಯಾಕ್ಟರನ್ನು ಅಷ್ಟು ವರ್ಷ ಎಬ್ಬಿಸಿದವನು, ಈಗ ಅದರ ಮೈ ಮುಟ್ಟಿದರೆ ರಕ್ತ ಕಾರಿ ಸಾಯುತ್ತೇನೆ ಅಂತ ನಂಬಿದ್ದ. ನಾನು ನಂಬುತ್ತೇನಾ ಅಂತ ಕೇಳಬೇಡಿ. ಬೋರ್ಡು ಹೊಡೆದ ಮೇಲೆ ನಾನೂ ಆ ಕಂಬಕ್ಕೆ ಒರಗುವುದನ್ನು ಬಿಟ್ಟಿದ್ದೇನೆ.

ಆರಿದ್ರಾ ಹತ್ತಿರ ಬಂತು. ಸಸಿಮಡಿಯಲ್ಲಿ ಸಸಿ ಎದ್ದು ನಿಂತಿತ್ತು, ಗದ್ದೆ ಇನ್ನೂ ಹೂಟಿ ಆಗಿರಲಿಲ್ಲ. ಬಾಡಿಗೆ ಟಿಲ್ಲರಿಗೆ ಊರೆಲ್ಲ ಸಾಲು ಹಚ್ಚಿ ಕಾದಿತ್ತು, ಅದೂ ಅಲ್ಲದೆ ತಮ್ಮ ತರಿಸಿದ ಟಿಲ್ಲರನ್ನು ತಾನು ಕರೆಯುವುದು ಅಪ್ಪಯ್ಯನಿಂದ ಆಗದ ಮಾತು. ನಾನು ಹೊಳೆಬದಿಗೆ ಹೋದೆ. ಚಿಕ್ಕಪ್ಪ ಗದ್ದೆಯ ಬದುವಿಗೆ ಮಣ್ಣು ಮೆತ್ತುತ್ತಿದ್ದ.

"ಎಂತ ಬಂದೆ? ದೇವಿ ಕಳ್ಸಿದ್ಲಾ?" ಅಂದ.

"ನಾನೇ ಬಂದೆ. ಚಿಕ್ಕಪ್ಪ, ನೀ ಒಂದ್ಸಲ ಬಂದು ನೋಡು."

"ಬೋರ್ಡು ತೆಗೀಲಿ. ಬರ್ತೀನಿ."

"ಮುಟ್ಬೇಡ. ದೂರ ನಿಂತು ಹೇಳು."

"ದೂರ ನಿಂತೇ ಕೇಳ್ತಾ ಇದೀನಲ್ಲ, ರೋಹಿಣಿಯಿಂದ." ಹಾರೆಯನ್ನು ಊರಿ ನಿಂತ. "ನಮ್ಮನೆ ಅಂಗಳಕ್ಕೆ ಪೂರ್ತಿ ಕೇಳಲ್ಲ. ನಿಲ್ಲೋವಾಗ ಹೆಂಗೆ ನಿಲ್ತದೆ? ಬಾಯಿ ಮುಚ್ಚಿದ ಹಂಗೆ ಟಕ್ ಅಂತ ನಿಲ್ತದಾ, ಉಸಿರು ಕಟ್ಟಿದ ಹಂಗೆ ನಿಲ್ತದಾ?"

ನಾನು ಮಾಡಿದೆ. ಅಷ್ಟು ಶ್ರದ್ಧೆಯಿಂದ ನಾನು ಯಾವ ಮದುವೆಯಲ್ಲೂ ಮಾಡಿಲ್ಲ. ಏರಿಯ ಮೇಲಿನ ಓಟ, ದನಿ ತೆಳ್ಳಗಾಗುವುದು, ಬಿಕ್ಕು, ಉಸಿರು. ಚಿಕ್ಕಪ್ಪ ಕಣ್ಣು ಮುಚ್ಚಿ ಕೇಳಿದ.

"ಇನ್ನೊಂದ್ಸಲ."

ಮಾಡಿದೆ.

"ಆಮೇಲೆ ಎಂತ ಮಾಡಿದ್ರೆ ಶುರುವಾಗ್ತದೆ?"

"ಎಂತದೂ ಇಲ್ಲ. ಅಪ್ಪಯ್ಯ ಟ್ಯಾಂಕಿನ ಮುಚ್ಚಳ ತೆಗ್ದು ಪೆಟ್ರೋಲ್ ಇದ್ಯಾ ನೋಡ್ತಾನೆ, ಮುಚ್ತಾನೆ, ಹೊಡೀತಾನೆ. ಶುರುವಾಗ್ತದೆ."

ಚಿಕ್ಕಪ್ಪ ನಕ್ಕ. ಒಳ್ಳೇ ನಗುವಲ್ಲ ಅದು. "ಮುಚ್ಚಳದ ನೆತ್ತೀಲಿ ಒಂದು ಸಣ್ಣ ತೂತಿದೆ, ಸಾಸಿವೆಯಷ್ಟು. ಗಾಳಿ ಹೋಗೋಕೆ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಬರ್ತದಾ? ನಿಮ್ಮಪ್ಪಯ್ಯ ಆಯುಧಪೂಜೇಲಿ ಆ ನೆತ್ತಿಗೇ ಗಂಧ ಮೆತ್ತಿ ಕುಂಕುಮ ಒತ್ತೋದು. ಒಂದು ವರ್ಷ ಅಲ್ಲ, ಪ್ರತಿ ವರ್ಷ. ಪೂಜೆ ಮಾರನೇ ದಿನ ನಾನು ಸೂಜಿ ಹಾಕಿ ಬಿಡಿಸ್ತಿದ್ದೆ."

"ಈ ಸಲ?"

"ಈ ಸಲ ನಂಗೆ ಪೂಜೆಗೆ ಹೇಳ್ಲಿಲ್ಲಲ" ಅಂದ. ಮತ್ತೆ ಬಗ್ಗಿ ಮಣ್ಣು ಮೆತ್ತತೊಡಗಿದ. ನಾನು ಹೊರಟಾಗ ತಲೆ ಎತ್ತದೆ ಹೇಳಿದ, "ನಾ ಹೇಳ್ದೆ ಅಂತ ಬೇಕಾರೆ ಹೇಳು. ನಂಗೆಂತ ಹೆದ್ರಿಕೆ ಇಲ್ಲ."

ಹೇಳಬೇಕೆಂದೇ ನಾನು ಓಡಿದೆ. ಬದುವಿನ ಮೇಲೆ ಓಡುತ್ತ ಅಪ್ಪಯ್ಯನ ಮಾತನ್ನು ಅವನ ದನಿಯಲ್ಲೇ ಮೊದಲೇ ಆಡಿಕೊಂಡೆ: "ಹೌದನಾ? ಅವ ಹಂಗಂದ್ನಾ? ಹೋಗು, ಊಟಕ್ಕೆ ಬಾ ಅನ್ನು ಅವಂಗೆ." ಅಪ್ಪಯ್ಯನನ್ನು ನಾನು ಎಷ್ಟು ವರ್ಷದಿಂದ ಅಣಕಿಸುತ್ತ ಬಂದಿದ್ದೇನೆ. ಅವನು ಏನು ಹೇಳುತ್ತಾನೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಬ ಜಂಬ ನನಗಿತ್ತು.

ಅಪ್ಪಯ್ಯ ಶೆಡ್ಡಿನಲ್ಲಿದ್ದ. ಅಮ್ಮನ ಸೂಜಿಡಬ್ಬಿಯಿಂದ ಸೂಜಿ ತಂದು, ಮುಚ್ಚಳ ತೆಗೆದು ನೆತ್ತಿಯನ್ನು ಕೆದಕಿದೆ. ಕೆಂಪು ಪುಡಿ, ಅದರಡಿ ಒಣಗಿದ ಗಂಧ ಕಲ್ಲಿನ ಹಾಗೆ. ಸೂಜಿ ಆಚೆಗೆ ದಾಟಿತು. ಮುಚ್ಚಳವನ್ನು ಕಣ್ಣಿಗೆ ಹಿಡಿದೆ, ಬೆಳಕು ಕಾಣಿಸಿತು. ಬಿಗಿಯಾಗಿ ಮುಚ್ಚಿ ಹ್ಯಾಂಡಲ್ ಹೊಡೆದೆ. ಟ್ರ್ಯಾಕ್ಟರು ಶುರುವಾಯಿತು. ಬಹಳ ಹೊತ್ತು ಓಡಿತು. ಅಪ್ಪಯ್ಯ ಬಿಕ್ಕಿಗಾಗಿ ಕಿವಿ ಕೊಟ್ಟು ನಿಂತಿದ್ದ. ಬಿಕ್ಕು ಬರಲಿಲ್ಲ.

"ಯಾರು ಹೇಳಿದ್ರು?"

"ಚಿಕ್ಕಪ್ಪ. ನಾನು ಸದ್ದು ಮಾಡಿ ತೋರಿಸ್ದೆ. ಬಂದು ನೋಡ್ಲೇ ಇಲ್ಲ, ಅಲ್ಲೇ ನಿಂತು ಹೇಳ್ದ."

ಅಪ್ಪಯ್ಯ ಎಂಜಿನ್ನಿನ ಮೇಲೆ ಕೈ ಇಟ್ಟುಕೊಂಡು ನಿಂತ. ಅಮ್ಮ ಕೈಯಲ್ಲಿ ಸೌಟು ಹಿಡಿದೇ ಬಾಗಿಲಿಗೆ ಬಂದಿದ್ದಳು.

"ಕಾಣದೆ, ಮುಟ್ಟದೆ, ಗದ್ದೆ ಬದೂಲಿ ನಿಂತು ಹೇಳ್ದ" ಅಂದ ಅಪ್ಪಯ್ಯ.

"ಹೌದು."

"ಸಾಗರದ ಮೆಕ್ಯಾನಿಕ್ಕಿಗೆ ಗೊತ್ತಾಗ್ಲಿಲ್ಲ. ಇವಂಗೆ ಗೊತ್ತಾತು." ಅವನ ದನಿ ಎತ್ತರವಾಗಲಿಲ್ಲ. "ಹೆಂಗೆ ಗೊತ್ತಾತು? ಮುಚ್ಚಿದವಂಗೇ ಗೊತ್ತಿರೋದು, ಎಲ್ಲಿ ಮುಚ್ಚಿದೀನಿ ಅಂತ."

"ಅಪ್ಪಯ್ಯ, ಅದು ಕುಂಕುಮ. ನೀನೇ ಹಚ್ಚಿದ್ದು."

"ದೇವರ ಕುಂಕುಮದ ಮೇಲೆ ತಪ್ಪು ಹಾಕ್ಬೇಡ ನೀನು. ಅಜ್ಜನ ಕಾಲದಿಂದ ಹಚ್ತಾ ಇದೀವಿ. ಇಷ್ಟು ವರ್ಷ ನಿಲ್ಲದ ಗಾಡಿ ಈ ವರ್ಷ ಯಾಕೆ ನಿಂತು?"

"ಇಷ್ಟು ವರ್ಷ ಚಿಕ್ಕಪ್ಪ ಸೂಜಿ ಹಾಕ್ತಿದ್ದ."

"ಹಾ. ಈ ವರ್ಷ ಹಾಕ್ಲಿಲ್ಲ. ಗೊತ್ತಿದ್ದೂ ಹಾಕ್ಲಿಲ್ಲ. ಅದನ್ನೇ ನಾ ಹೇಳೋದು." ಬೋರ್ಡಿನ ಕಡೆ ನೋಡಿದ. "ದೇವಿ ಅವನ ಬಾಯಿ ಬಿಡಿಸಿದ್ಲು ನೋಡು."

ಬದುವಿನ ಮೇಲೆ ನಾನು ಆಡಿಕೊಂಡಿದ್ದ ಮಾತಿನಲ್ಲಿ ಇದರ ಒಂದು ಅಕ್ಷರವೂ ಇರಲಿಲ್ಲ. ಅಮ್ಮ ಸೌಟು ಹಿಡಿದು ಒಳಗೆ ಹೋದಳು. ಒಳಗೆ ಹೋಗುವಾಗ, "ಅದು ನಿಂತೇ ಇದ್ದಿದ್ರೆ ಒಳ್ಳೇದಿತ್ತು" ಅಂದಳು. ಯಾರಿಗೆ ಹೇಳಿದಳೋ.

ಆರಿದ್ರಾ ಮಳೆಯಲ್ಲಿ ಅಪ್ಪಯ್ಯ ಗದ್ದೆಯನ್ನೆಲ್ಲ ಹೂಡಿದ. ಟ್ರ್ಯಾಕ್ಟರು ಒಮ್ಮೆಯೂ ನಿಲ್ಲಲಿಲ್ಲ. ಗಡಿಯ ಬದುವಿನ ತನಕ ಹೋಗಿ ತಿರುಗುವಾಗ ಅವನು ಆಚೆ ನೋಡುತ್ತಿರಲಿಲ್ಲ. ಆಚೆ ಸಸಿ ಕಟ್ಟು ಎಸೆಯುತ್ತಿದ್ದ ಚಿಕ್ಕಪ್ಪ ಈಚೆ ನೋಡುತ್ತಿರಲಿಲ್ಲ. ನಟ್ಟಿ ಆಯಿತು, ಕೊಯ್ಲೂ ಆಯಿತು. ಈಗ ಹೊಳೆಗೆ ಸೇತುವೆ ಆಗಿದೆ, ಲಾಂಚಿಗೆ ಕಾಯುವ ಕಷ್ಟವಿಲ್ಲ, ಕಾರಲ್ಲಿ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಇಬ್ಬರೂ ಕೂಡಿ ಹೋಗಿ ಬೋರ್ಡು ತೆಗೆಸಿಕೊಂಡು ಬನ್ನಿ ಅಂತ ಅಮ್ಮ ಒಂದು ಸಲ ಹೇಳಿ ನೋಡಿದಳು. ಅಪ್ಪಯ್ಯ, "ಅವ ಮೊದ್ಲು ತಪ್ಪು ಒಪ್ಕಳ್ಳಿ" ಅಂದ. ಬೋರ್ಡಿನ ಮೊಳೆ ತುಕ್ಕು ಹಿಡಿದು ಕಂಬದ ಮೇಲೆ ಕಂದು ನೀರಿನ ಗೆರೆ ಇಳಿದಿದೆ.

ಕೊಯ್ಲಿಗೆ ಮೊದಲು ಬಂದ ಈ ಸಲದ ಆಯುಧಪೂಜೆಗೂ ಅಪ್ಪಯ್ಯ ಮುಚ್ಚಳದ ನೆತ್ತಿಗೇ ಗಂಧ ಮೆತ್ತಿ ಕುಂಕುಮ ಒತ್ತಿದ. ಪಕ್ಕದಲ್ಲಿ ಅಷ್ಟಗಲದ ಬಾನೆಟ್ಟು ಖಾಲಿ ಇತ್ತು. ಮರುದಿನ ಅವನು ಹಲ್ಲುಜ್ಜುವಾಗ ಹೋಗಿ ಸೂಜಿ ಹಾಕಿ ಬಂದೆ.

ಮೊನ್ನೆ ಡೇರಿಯಲ್ಲಿ ಹಾಲಿನ ಕ್ಯಾನು ಹಿಡಿದು ಸಾಲಲ್ಲಿ ನಿಂತಿದ್ದೆ. ಮುಂದಿದ್ದವನು ಚಿಕ್ಕಪ್ಪ. ತಿರುಗದೆಯೇ ಕೇಳಿದ, "ಸೂಜಿ ಹಾಕಿದ್ಯನಾ?"

"ಹಾಕ್ದೆ."

"ಈಗ ಹೆಂಗೆ ಓಡ್ತದೆ? ಒಂಚೂರು ಮಾಡು ನೋಡಣ."

ಸುತ್ತ ಇದ್ದವರು ನಗಲು ತಯಾರಾದರು. ನಾನು ಈ ಸಲ ಸಾಯುವ ಸದ್ದು ಮಾಡಲಿಲ್ಲ, ಬದುಕಿರುವ ಸದ್ದು ಮಾಡಿದೆ. ಅದರಲ್ಲಿ ನಗುವಂಥದ್ದು ಏನೂ ಇಲ್ಲ, ಬರೇ ಓಡುತ್ತದೆ. ಜನ ತಮ್ಮ ಮಾತಿಗೆ ತಿರುಗಿಕೊಂಡರು. ಚಿಕ್ಕಪ್ಪ ಮಾತ್ರ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ. ಅವನ ಸರದಿ ಬಂತು, ಹಾಲು ಅಳೆಸಿ ಖಾಲಿ ಕ್ಯಾನು ಎತ್ತಿಕೊಂಡ.

"ಕಿಡಿ ಕೊಡೋ ಮ್ಯಾಗ್ನೆಟೋದ ಪಾಯಿಂಟ್ ಸವೆದಿದೆ" ಅಂದ ಮೆತ್ತಗೆ. "ಮುಂದಿನ ರೋಹಿಣಿ ತಂಕ ಬರಲ್ಲ ಅದು."

"ಅಪ್ಪಯ್ಯಂಗೆ ಹೇಳ್ತೀನಿ."

"ಬ್ಯಾಡ" ಅಂದ ಚಿಕ್ಕಪ್ಪ. "ಹೇಳಿದ್ರೆ ಅದನ್ನೂ ನಾನೇ ಸವೆಸಿದ್ದು ಅಂತಾಗ್ತದೆ."